ನಮ್ಮ ದುಡ್ಡಿನ ಲೈನಿಗೆ ಅವರ ಬೀಗವೇಕೆ?

ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆಯ ಕನ್ನಡ ಬಂಧುಗಳೇ, ಸಿಪ್ಕಾಟ್‌ನ ಸಣ್ಣ ವರ್ಕ್‌ಶಾಪ್ ಮಾಲೀಕರೇ,

ನಮ್ಮ ಫೋನ್ ಸರ್ವರ್ ಮತ್ತೆ ಮೂಕವಾಗಿದೆ! ಯಂತ್ರ ಕೆಟ್ಟಿಲ್ಲ, ಕರೆಂಟು ಹೋಗಿಲ್ಲ, ಬಿಲ್ಲು ಬಾಕಿಯಿಲ್ಲ. ಇಂಟರ್‌ನೆಟ್ ಕೊಡುವವರು ಕರೆ ಜೋಡಿಸುವ ಸಿಪ್‌ನ 5060ನೇ ಪೋರ್ಟನ್ನು ಸದ್ದಿಲ್ಲದೆ ಮುಚ್ಚಿದ್ದಾರೆ. ನೋಟಿಸಿಲ್ಲ, ತಾವಾಗಿ ಕಾರಣವನ್ನೂ ಹೇಳಿಲ್ಲ. ಹೊಸೂರಿನ ವರ್ಕ್‌ಶಾಪಿನಿಂದ ಬೊಮ್ಮಸಂದ್ರದ ಆಫೀಸಿಗೆ ನಮ್ಮದೇ ಕರೆ ಹೋಗುತ್ತಿಲ್ಲ.

ಇಂಥ ಅನ್ಯಾಯ ಗಡಿಯವರಿಗೆ ಹೊಸದಲ್ಲ. ಜೂಜುವಾಡಿ ದಾಟಿದರೆ ಅತ್ತಿಬೆಲೆ. ಆದರೂ ಇಲ್ಲಿ ತಮಿಳುನಾಡು ಸರ್ಕಲ್, ಅಲ್ಲಿ ಕರ್ನಾಟಕ ಸರ್ಕಲ್. ಇಲ್ಲಿನ ಎಸ್‌ಟಿಡಿ ಕೋಡ್ 04344, ಅಲ್ಲಿಯದು 080. ಕೂಗಳತೆಯ ನೆಂಟರೊಡನೆ ಮಾತಾಡಲು ವರ್ಷಗಟ್ಟಲೆ ಎಸ್‌ಟಿಡಿ, ರೋಮಿಂಗ್ ದುಡ್ಡು ತೆತ್ತೆವು. ಇಂಟರ್‌ನೆಟ್ ಫೋನು ಆ ತಾಪತ್ರಯ ತೀರಿಸಿತು. ಈಗ ಅದಕ್ಕೂ ಬೀಗ!

ಕಾನೂನು ಯಾರ ಪರ? 2002ರ ಏಪ್ರಿಲ್ 1ರಿಂದ ಇಂಟರ್‌ನೆಟ್ ಫೋನಿಗೆ ಮಿತಿಯೊಳಗೆ ಅನುಮತಿಯಿದೆ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಇಂಟರ್‌ನೆಟ್ ಕರೆಗೆ ಬೇರೆ ದರ ಹಾಕಹೊರಟಿತು. ಜನ ತಿರುಗಿಬಿದ್ದರು, ಕೈಬಿಟ್ಟಿತು. 2018ರಲ್ಲಿ ದೂರಸಂಪರ್ಕ ಇಲಾಖೆ ನೆಟ್ ನ್ಯೂಟ್ರಾಲಿಟಿಯನ್ನು ಒಪ್ಪಿತು: ಒಂದು ಸೇವೆಯನ್ನು ಆರಿಸಿ ತಡೆಯುವಂತಿಲ್ಲ, ನಿಧಾನ ಮಾಡುವಂತಿಲ್ಲ.

ಕೇಳಿದರೆ "ಭದ್ರತೆಗಾಗಿ ಮುಚ್ಚಿದ್ದೇವೆ" ಎನ್ನುತ್ತಾರೆ. ಕಳ್ಳ ಕರೆಯ ದಂಧೆ ಹೆಚ್ಚಾಗಿ ನಡೆಯುವುದು ಹಲವು ಸಿಮ್ ತುಂಬಿದ ಸಿಮ್ ಬಾಕ್ಸ್‌ಗಳಲ್ಲಿ. ಅದನ್ನು ಬಿಟ್ಟು ಲೇತ್ ಅಂಗಡಿಯ ಸರ್ವರೇ ಇವರ ಕಣ್ಣಿಗೆ ಬಿತ್ತೆ?

ಇನ್ನು ನಮ್ಮೊಳಗಿನ ಜಾಣರು! 5060 ಬಿಟ್ಟು 5080 ಹಾಕಿಕೊಂಡರು, 5061ರಲ್ಲಿ ಟಿಎಲ್‌ಎಸ್ ಹಚ್ಚಿದರು, ವಿಪಿಎನ್ ಮಾಡಿಸಿಕೊಂಡರು. ತಮ್ಮ ಕರೆ ಹೋಯಿತು, ಸುಮ್ಮನಾದರು. ನೀವೂ ಮಾಡಿ, ತಪ್ಪಿಲ್ಲ. ಮಾತು ಒಂದೇ ಕಡೆ ಕೇಳಿದರೆ ರೂಟರಿನ ಸಿಪ್ ಎಎಲ್‌ಜಿ ಆಫ್ ಮಾಡಿ, ಆಸ್ಟರಿಸ್ಕ್ ಸರ್ವರಾದರೆ 10000ದಿಂದ 20000ದವರೆಗಿನ ಯುಡಿಪಿ ಪೋರ್ಟುಗಳೂ ತೆರೆದಿವೆಯೇ ನೋಡಿ, ಪಾಸ್‌ವರ್ಡ್ ಗಟ್ಟಿಯಿರಲಿ. ಆದರೆ ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರೊಳಗಿದ್ದರೆ ಅದು ಸಿಜಿನ್ಯಾಟ್. ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ನೀವು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನ ಕರೆ ನೇರವಾಗಿ ಒಳಗೆ ಬಾರದು. ಆಗ ಪೋರ್ಟ್ ಬದಲಿಸುವ ಜಾಣತನ ನಡೆಯುತ್ತದೆಯೇ? ಇದಾವುದೂ ತಿಳಿಯದ ಬಾಗಲೂರಿನ ಅಂಗಡಿಯವರ ಗತಿಯೇನು? ಜಾಣರೇ, ನಿಮ್ಮ ಮೌನವೇ ಪೋರ್ಟ್ ಮುಚ್ಚಿದವರ ಬಂಡವಾಳ!

ಬಂಧುಗಳೇ, ಈ ತಿಂಗಳ ಬಿಲ್ಲು ಕಟ್ಟುವ ಮುನ್ನ ಬರಹದಲ್ಲಿ ಕೇಳಿ: ಯಾವ ಪೋರ್ಟ್ ಮುಚ್ಚಿದ್ದೀರಿ? ಯಾರ ಆದೇಶ? ದೂರಿನ ನಂಬರ್ ಪಡೆಯಿರಿ. ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ. ಒಬ್ಬೊಬ್ಬರೇ ಕೇಳಿದರೆ ಕಿವಿಗೆ ಬೀಳದು; ಎಲ್ಲರೂ ಒಟ್ಟಾಗಿ ಕೇಳೋಣ.

ಪೋರ್ಟ್ ತೆರೆಯುವವರೆಗೆ ಬಾಯಿ ಮುಚ್ಚಬೇಡಿ!

— ಹೊಸೂರಿನ ಇಂಟರ್‌ನೆಟ್ ಗ್ರಾಹಕರು