ಮೋಡಕ್ಕೆ ಹಸಿರು ಬಳಿದರೆ ಪೊದೆ

ಮಾರಿಯೋಗೆ ಮೀಸೆ ಏಕೆ? ಅಷ್ಟು ಸಣ್ಣ ಮುಖದಲ್ಲಿ ಬಾಯಿ ಬಿಡಿಸಲು ಜಾಗವಿರಲಿಲ್ಲ. ಟೋಪಿ ಏಕೆ? ಕೂದಲು ಬಿಡಿಸುವ ಕಷ್ಟ ತಪ್ಪಲೆಂದು. 1981ರ ‘ಡಾಂಕಿ ಕಾಂಗ್’ ಆಟಕ್ಕಾಗಿ ಶಿಗೆರು ಮಿಯಾಮೊಟೊ ಹೂಡಿದ ಈ ಉಪಾಯಗಳನ್ನು ನಾವು ಕ್ವಿಜ್ ಪ್ರಶ್ನೆಗಳಾಗಿಸಿ ಕೈತೊಳೆದುಕೊಂಡಿದ್ದೇವೆ. ನನ್ನ ತಕರಾರು ಅದಕ್ಕೇ.

1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡಿಯಾಗಿ 40 ಕಿಲೋಬೈಟ್. ಅದರಲ್ಲಿ ಚಿತ್ರಗಳ ಪಾಲು 8. ಹಾಗಾಗಿ ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದರು. ಗೂಂಬಾ ಎಂಬ ಅಣಬೆಯಂಥ ಶತ್ರುವಿನ ನಡಿಗೆಗೆ ಒಂದೇ ಚಿತ್ರ, ಅದನ್ನೇ ಎಡಬಲ ತಿರುವಿದ್ದು. ಛಂದಸ್ಸು ಕಲಿತವರಿಗೆ ಇದು ಗುರುತಿನ ಕೆಲಸವೇ ಆಗಬೇಕಿತ್ತು.

ಆದರೆ ಗದುಗಿನಲ್ಲಿ ನಾವೇನು ಮಾಡುತ್ತೇವೆ? ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬ ತೋರಿಸಿ, ಉಟ್ಟ ಒದ್ದೆ ಬಟ್ಟೆ ಆರುವತನಕ ಬರೆಯುತ್ತಿದ್ದನೆಂಬ ಕಥೆ ಹೇಳುತ್ತೇವೆ. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ, ಮೂರು-ನಾಲ್ಕರ ನಡೆ, ಮೂರನೇ ಮತ್ತು ಆರನೇ ಸಾಲಿನ ಕೊನೆಗೊಂದು ಗುರು. ಈ ಇಕ್ಕಟ್ಟಿನಲ್ಲೇ ಅವನು ಹತ್ತು ಪರ್ವ ಮುಗಿಸಿದ. ಹಲಗೆ ಬಳಪ ಹಿಡಿಯದೆ ಬರೆದೆನೆಂದು ಕವಿಯೇ ಹೇಳಿಕೊಂಡಿದ್ದಾನೆ, ನಿಜ. (ಅಷ್ಟು ಜಂಬ ಅವನಿಗೆ ಒಪ್ಪುತ್ತದೆ.) ಓದುವ ನಾವೂ ಪವಾಡವೆಂದು ಕೈಮುಗಿದು ಕೂತರೆ ಅವನ ಕಸುಬನ್ನು ನೋಡುವವರು ಯಾರು?

ಕಾವ್ಯದ ಪಕ್ಕದಲ್ಲಿ ಟಿವಿ ಆಟವನ್ನು ಕೂಡಿಸಿದನೆಂದು ಮುನಿಯುವ ಮೇಷ್ಟ್ರುಗಳು ಮುನಿಯಲಿ. ಮುಂದಿನ ಕ್ಲಾಸಿನಲ್ಲಿ ಕಂಬದ ಕಥೆ ಬಿಟ್ಟು ಒಂದೇ ಒಂದು ಪದ್ಯಕ್ಕೆ ಪ್ರಸ್ತಾರ ಹಾಕಿಸಿ, ಆ ಕೊನೆಯ ಗುರುವಿಗಾಗಿ ಕವಿ ಯಾವ ಪದವನ್ನು ಹೇಗೆ ತಿರುವಿದ್ದಾನೆಂದು ಹುಡುಗರಿಗೆ ತೋರಿಸಲಿ.