ಉಜ್ಜುವ ಮುನ್ನ ನೋಡಿ

ಹಳೆಯ ತೇಗದ ಮೇಜು ಮಂಕಾದರೆ ನಮಗೆ ಎರಡೇ ದಾರಿ ಹೊಳೆಯುತ್ತವೆ: ಗುಜರಿಗೆ ಕೊಡುವುದು, ಇಲ್ಲವೇ ಒರಟು ಉಪ್ಪುಕಾಗದ ಹಿಡಿದು ಬರಿಯ ಮರ ಕಾಣುವವರೆಗೆ ಉಜ್ಜುವುದು. ಎರಡೂ ಅವಸರದ ಕೆಲಸವೇ.

ಎಷ್ಟೋ ಸಲ ಮರ ಗಟ್ಟಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಮೇಲಿನ ಪಾಲಿಶ್. ಬಿಸಿ ಲೋಟ ಇಟ್ಟಲ್ಲಿ ಮೂಡುವ ಬಿಳಿ ಉಂಗುರ ಆ ಪದರದಲ್ಲಿ ಸಿಕ್ಕಿಕೊಂಡ ತೇವ. ಹಿಂದಿನ ಆಚಾರಿಗಳು ಹೆಚ್ಚಾಗಿ ಬಳಿಯುತ್ತಿದ್ದುದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿದಾಗ ಅಂಟಂಟಾದರೆ ಅದು ಅರಗೆಂದು ತಿಳಿಯಬಹುದು. ಅದರ ದೊಡ್ಡ ಗುಣವೆಂದರೆ, ಹೊಸ ಪದರ ಹಳೆಯದನ್ನು ತುಸು ಕರಗಿಸಿ ಅದರಲ್ಲೇ ಬೆರೆಯುತ್ತದೆ. ಹೀಗಾಗಿ ಎಲ್ಲವನ್ನೂ ಕೆರೆದು ತೆಗೆಯಬೇಕಿಲ್ಲ. ಕೊಳೆ ಒರೆಸಿ, 320ರ ನಯವಾದ ಕಾಗದದಿಂದ ಹಗುರವಾಗಿ ಸವರಿ, ತೆಳುವಾಗಿ ಎರಡು ಮೂರು ಸಲ ಬಳಿದರೆ ಸಾಕು. ಹತ್ತಿರ ಬೆಂಕಿ ಇರಕೂಡದು, ಅಷ್ಟೇ. ಉಜ್ಜಲೇಬೇಕಾದರೆ ಮರದ ಎಳೆಯ ಉದ್ದಕ್ಕೆ ಉಜ್ಜಿ. ಅಡ್ಡ ಎಳೆದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಪ್ಲೈವುಡ್ ಮೇಲೆ ಅಂಟಿಸಿದ ತೇಗದ ಹಾಳೆಯಂತೂ ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಜೋರಾಗಿ ಉಜ್ಜಿದರೆ ಕೆಳಗಿನ ಪದರವೇ ಹೊರಬೀಳುತ್ತದೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆ ಹಿಡಿದೊಡನೆ ಮೇಜಿನ ಡ್ರಾಯರ್ ಬಿಗಿಯಾಗುತ್ತದೆ. ಮರ ತೇವ ಹೀರಿ ಅಡ್ಡಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ. ಆಷಾಢದಲ್ಲಿ ಅಂಚು ಕೀಸಿಸಿದರೆ ಚೈತ್ರದಲ್ಲಿ ಡ್ರಾಯರ್ ಗಡಗಡ ಅನ್ನುತ್ತದೆ. ಸದ್ಯಕ್ಕೆ ಮೇಣದಬತ್ತಿ ಉಜ್ಜಿ, ಬಿಸಿಲು ಬರುವವರೆಗೆ ಕಾಯುವುದೇ ಮದ್ದು.

ಕುರ್ಚಿಯ ಕಾಲು ಅಲುಗಿದರೆ ಮೊಳೆ ಹೊಡೆಯುವುದು ಇನ್ನೊಂದು ದುಡುಕು. ಮೊಳೆಯಿಂದ ಕೀಲು ಸೀಳುವುದೇ ಹೆಚ್ಚು. ಬಿಚ್ಚಿ, ಹಳೆಯ ಅಂಟು ಕೆರೆದು, ಹೊಸ ಅಂಟು ಹಾಕಿ, ಹಗ್ಗದಿಂದ ಬಿಗಿದು ಒಂದಿಡೀ ದಿನ ಮುಟ್ಟದೆ ಬಿಡಬೇಕು.

ಬಣ್ಣ ಬಳಿದ ಹಳೆಯ ತೊಟ್ಟಿಲು, ಮಂಚಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಮುಂದಿನ ರಜಾದಿನ ಮನೆಯ ಒಂದು ಕುರ್ಚಿಯನ್ನು ಬೆಳಕಿಗೆ ತಂದು ಬೋರಲು ಹಾಕಿ ನೋಡಿ. ಯಾವ ಕೀಲು ಸಡಿಲ, ಯಾವ ಪಾಲಿಶ್, ಎಲ್ಲಿ ತೇವ ಎಂದು ತಿಳಿದ ಮೇಲೆಯೇ ಸಾಮಾನು ಕೊಳ್ಳಲು ಹೊರಡಿ. ಒಂದೆರಡು ಗೀರು ಉಳಿದರೂ ಇರಲಿ; ಕೂತವರನ್ನು ಹೊರುವ ಕುರ್ಚಿಗೆ ಅವು ಕೊರತೆಯಲ್ಲ.