ಬಣ್ಣ, ವಾಸನೆ, ರುಚಿ ಬದಲಾಗದ ವಿಷ



ನೀರಿನ ಶುದ್ಧಿಯ ಪಾಠವನ್ನು ನಾವು ಮದ್ರಸದ ಚಿಕ್ಕ ತರಗತಿಯಲ್ಲೇ ಕಲಿತಿದ್ದೇವೆ. ಧಾರಾಳವಾಗಿರುವ ನೀರಿಗೆ ನಜೀಸ್ ಬಿದ್ದರೆ ಅದರ ಬಣ್ಣ, ವಾಸನೆ, ರುಚಿ ಈ ಮೂರರಲ್ಲಿ ಒಂದಾದರೂ ಬದಲಾಗಿದೆಯೇ ಎಂದು ನೋಡಬೇಕು. ಇದು ವುಝೂ, ಸ್ನಾನಗಳ ನಿಯಮ. ಆದರೆ ಇದೇ ಅಳತೆಗೋಲಿನಿಂದ ಕುಡಿಯುವ ನೀರನ್ನೂ ಅಳೆದು, 'ನಮ್ಮ ಬಾವಿ ನೀರು ಕನ್ನಡಿಯಂತಿದೆ' ಎಂದು ನೆಮ್ಮದಿಯಿಂದಿರುತ್ತೇವೆ. ಕೀಟನಾಶಕವಾದರೋ ಈ ಮೂರನ್ನೂ ಬದಲಿಸದೆ ನೀರಿನಲ್ಲಿ ಅಡಗಿರಬಲ್ಲದು.

ಕಾಸರಗೋಡನ್ನು ನೆನಪಿಸಿಕೊಳ್ಳಿ. ಅಲ್ಲಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ತೋಡು, ಕುಡಿಯುವ ನೀರಿನ ಸುರಂಗ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆ ಗ್ರಾಮದ ನೀರನ್ನೂ ಜನರ ರಕ್ತವನ್ನೂ ಪರೀಕ್ಷಿಸಿದಾಗ ಎರಡರಲ್ಲೂ ಆ ವಿಷ ಕಂಡುಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ತಾಯಂದಿರು ಕಾಯಿಲೆಯ ಮಕ್ಕಳನ್ನು ಮಡಿಲಲ್ಲಿಟ್ಟು ವರ್ಷಗಳನ್ನು ಕಳೆದಿದ್ದರು. ನೀರನ್ನು ಮೊದಲೇ, ಪ್ರತಿವರ್ಷ ಪರೀಕ್ಷಿಸುವ ಕ್ರಮವಿದ್ದಿದ್ದರೆ?

ಭಾರತೀಯ ಮಾನಕದ ಪ್ರಕಾರ 1 ಲೀಟರ್ ಕುಡಿಯುವ ನೀರಿನಲ್ಲಿ ಎಂಡೋಸಲ್ಫಾನ್ 0.4 ಮೈಕ್ರೋಗ್ರಾಂ ಮೀರಬಾರದು. 1 ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಮೈಕ್ರೋಗ್ರಾಂ. ಇದನ್ನು ನಾಲಿಗೆ ಹೇಗೆ ಗುರುತಿಸೀತು? ಗ್ರಾಮಗಳಲ್ಲಿ ಬಳಸುವ ಸಾಮಾನ್ಯ ಪರೀಕ್ಷಾ ಕಿಟ್ ಫ್ಲೋರೈಡ್, ನೈಟ್ರೇಟ್, ಕಬ್ಬಿಣದಂತಹವನ್ನು ತೋರಿಸುತ್ತದೆ, ಕೀಟನಾಶಕವನ್ನಲ್ಲ. ಅದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಇಂತಹ ವಿಷ ಹೋಯಿತೆಂದು ನಂಬುವಂತಿಲ್ಲ.

ಹಾಗಾದರೆ ನಾವೇನು ಮಾಡಬಹುದು? ಮದ್ದು ಬಿಡುವ ತೋಟದ ಪಕ್ಕದಲ್ಲಿ ಬಾವಿಯಿದ್ದರೆ ಯಾವ ಮದ್ದು, ಯಾವ ದಿನ ಎಂದು ಕೇಳಿ ಬರೆದಿಡಿ. ಮದ್ದು ಬಿಟ್ಟ ನಂತರದ ಮೊದಲ ದೊಡ್ಡ ಮಳೆಯಲ್ಲಿ ವಿಷ ಹರಿದು ಬರುವ ಸಂಭವ ಹೆಚ್ಚು. ಆ ಸಮಯದಲ್ಲಿ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವಂತೆ ನಾಲ್ಕು ಮನೆಯವರು ಸೇರಿ ಗ್ರಾಮಸಭೆಯಲ್ಲಿ ಕೇಳಿ. ಪರೀಕ್ಷಿಸಬೇಕಾದ ಮದ್ದಿನ ಹೆಸರನ್ನೂ ಅರ್ಜಿಯಲ್ಲಿ ಬರೆಯಿರಿ. ಮದ್ದಿನ ಪಂಪನ್ನು ಬಾವಿಕಟ್ಟೆಯಲ್ಲಿ ತೊಳೆಯಲು ಬಿಡಬೇಡಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಸಬೇಡಿ.

ಕಟ್ಟಿನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನೂ ಪ್ರವಾದಿ(ಸ) ತಡೆದರು. ಹಾಗಿರುವಾಗ ನೆರೆಯವರ ಬಾವಿಗೆ ವಿಷ ಇಳಿಯಲು ಬಿಡುವುದು ಎಂತಹ ಅನ್ಯಾಯ! ಈ ಮಾತನ್ನು ನಮ್ಮ ಮನೆಯ ಗಂಡಸರಿಗೂ ಹೇಳೋಣ. ಮಗುವಿನ ಬಾಯಿಗೆ ಹಿಡಿಯುವ ಒಂದು ಲೋಟ ನೀರೂ ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಕಾಪಾಡುವ ಎಚ್ಚರವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್.